ರೇಷ್ಮೆಗೂಡು ಮತ್ತು ಕಾದಂಬರಿ: ಆಧುನಿಕ ಚೀನೀ ಕಥನದ ಎದುರು ಕೋಲಾರ ಸೀಮೆ

1

ಕಾದಂಬರಿಯು ಸಮಾಜದ ಕನ್ನಡಿ ಎಂಬ ಮಾತು ಕನ್ನಡ ವಿಮರ್ಶೆಯಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಕನ್ನಡ ವಿಭಾಗಗಳಲ್ಲಿ ಸಿದ್ಧವಾಗುವ ಸಂಶೋಧನ ಪ್ರಬಂಧಗಳ ಶೀರ್ಷಿಕೆಗಳಲ್ಲಿ ‘ಸಾಮಾಜಿಕ ಪ್ರಜ್ಞೆ’, ‘ಸಾಮಾಜಿಕ ಹಿನ್ನೆಲೆ’, ‘ಗ್ರಾಮೀಣ ಬದುಕಿನ ಚಿತ್ರಣ’ ಎಂಬ ಪದಪುಂಜಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮೊದಲ ಅಧ್ಯಾಯದಲ್ಲಿ ಒಂದು ಪ್ರದೇಶದ ಜಾತಿ, ಕಸುಬು, ಹಬ್ಬ, ಆಚರಣೆಗಳ ಪರಿಚಯ. ಮುಂದಿನ ಅಧ್ಯಾಯಗಳಲ್ಲಿ ಅವು ಕಾದಂಬರಿಯ ಯಾವ ಯಾವ ಪುಟಗಳಲ್ಲಿ ಬಂದಿವೆ ಎಂಬ ಪಟ್ಟಿ. ಈ ವಿಧಾನದ ಹಿಂದೆ ಒಂದು ಗೃಹೀತವಿದೆ. ಸಮಾಜವೆಂಬುದು ಮೊದಲೇ ಸಿದ್ಧವಾಗಿ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಕಾದಂಬರಿಯು ಅದನ್ನು ಇನ್ನೊಮ್ಮೆ ತೋರಿಸುತ್ತದೆ ಎಂಬುದೇ ಆ ಗೃಹೀತ.

ಆದರೆ ಸಮಾಜವು ಅದರೊಳಗೆ ಬದುಕುವವರಿಗೆ ಹಾಗೆ ಇಡಿಯಾಗಿ ಕಾಣುವುದಿಲ್ಲ. ಕೋಲಾರ ತಾಲ್ಲೂಕಿನ ಕ್ಯಾಲನೂರಿನಂಥ ಹಳ್ಳಿಯಿಂದ ಗೂಡು ಹೊತ್ತು ಮಾರುಕಟ್ಟೆಗೆ ಹೋಗುವ ರೈತನಿಗೆ ಹಿಪ್ಪುನೇರಳೆ ಸೊಪ್ಪು ಗೊತ್ತು, ಹುಳುವಿನ ಜ್ವರ ಗೊತ್ತು, ಹರಾಜಿನಲ್ಲಿ ಕೂಗಿದ ಬೆಲೆ ಗೊತ್ತು. ಆ ಬೆಲೆ ಎಲ್ಲಿ, ಯಾರ ತೀರ್ಮಾನದಿಂದ ಹುಟ್ಟಿತೆಂಬುದು ಅವನ ಕಣ್ಣಿಗೆ ಬೀಳುವ ಸಂಗತಿಯಲ್ಲ. ಕಾಣುವ ಬದುಕಿಗೂ ಕಾಣದ ಕಾರಣಕ್ಕೂ ನಡುವಿನ ಸಂಬಂಧವನ್ನು ಅನುಭವದ ಮಟ್ಟದಲ್ಲಿ ಗ್ರಹಿಸುವಂತೆ ಮಾಡುವುದೇ ಕಾದಂಬರಿಯು ಸಮಾಜಕ್ಕೆ ಸಲ್ಲಿಸಬಹುದಾದ ವಿಶಿಷ್ಟ ಸೇವೆ. ಆಧುನಿಕ ಚೀನೀ ಕಾದಂಬರಿಯು ಇದನ್ನು ಮಾಡಿದ ರೀತಿ, ಮಾಡಲು ಹೋಗಿ ತೆತ್ತ ಬೆಲೆ ಎರಡೂ ಕನ್ನಡ ವಿಮರ್ಶೆಗೆ, ವಿಶೇಷವಾಗಿ ಕೋಲಾರ ಸೀಮೆಯನ್ನು ಗಮನದಲ್ಲಿಟ್ಟು ಯೋಚಿಸುವವರಿಗೆ, ಪ್ರಯೋಜನಕಾರಿಯಾಗಿವೆ.

2

ಚೀನಾದಲ್ಲಿ ಕಾದಂಬರಿ ಮತ್ತು ಸಮಾಜದ ಸಂಬಂಧವು ಆಧುನಿಕ ಕಾದಂಬರಿ ಹುಟ್ಟುವುದಕ್ಕೆ ಮೊದಲೇ ಚರ್ಚೆಗೆ ಬಂದಿತ್ತು. 1902ರಲ್ಲಿ ಜಪಾನಿನಲ್ಲಿ ದೇಶಭ್ರಷ್ಟನಾಗಿದ್ದ ಲಿಯಾಂಗ್ ಚಿಚಾವೊ ಕಾದಂಬರಿಗೆಂದೇ ಒಂದು ಪತ್ರಿಕೆಯನ್ನು ಆರಂಭಿಸಿ, ಒಂದು ದೇಶದ ಜನರನ್ನು ಹೊಸಬರನ್ನಾಗಿಸಬೇಕಾದರೆ ಮೊದಲು ಆ ದೇಶದ ಕಾದಂಬರಿಯನ್ನು ಹೊಸದಾಗಿಸಬೇಕೆಂದು ವಾದಿಸಿದ. ಅದುವರೆಗೆ ಪಂಡಿತ ಪರಂಪರೆಯು ಕೀಳೆಂದು ಬಗೆದಿದ್ದ ಪ್ರಕಾರವೊಂದು ಒಮ್ಮೆಲೇ ದೇಶೋದ್ಧಾರದ ಸಾಧನವಾಯಿತು. ವೈದ್ಯಕೀಯ ಶಿಕ್ಷಣವನ್ನು ಬಿಟ್ಟು ಸಾಹಿತ್ಯಕ್ಕೆ ಬಂದ ಲು ಷುನ್ 1918ರಲ್ಲಿ ಪ್ರಕಟಿಸಿದ ‘ಹುಚ್ಚನ ದಿನಚರಿ’, 1921–22ರಲ್ಲಿ ಬಂದ ‘ಆ ಕ್ಯೂನ ನಿಜ ಚರಿತ್ರೆ’ ಎಂಬ ಕೃತಿಗಳು ಈ ನಂಬಿಕೆಯನ್ನು ಉಳಿಸಿಕೊಂಡೇ ಅದರ ಸರಳತೆಯನ್ನು ಒಡೆದವು. ಬಾ ಜಿನ್‌ನ ‘ಮನೆ’, ಲಾವೊ ಷನ ‘ರಿಕ್ಷಾ ಎಳೆಯುವವ’ ಮುಂದಿನ ದಶಕದ ಕೃತಿಗಳು.

ಕನ್ನಡದ ಸಂದರ್ಭವೂ ಕಾಲದ ದೃಷ್ಟಿಯಿಂದ ದೂರದ್ದಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ವಿಧವೆಯ ಶಿಕ್ಷಣ ಮತ್ತು ಪುನರ್ವಿವಾಹವನ್ನು ವಸ್ತುವನ್ನಾಗಿಸಿಕೊಂಡಿತ್ತು. ಸಮಾಜವನ್ನು ತಿದ್ದಬೇಕೆಂಬ ಹಂಬಲದಿಂದಲೇ ಎರಡೂ ಭಾಷೆಗಳಲ್ಲಿ ಹೊಸ ಕಾದಂಬರಿ ಆರಂಭವಾಯಿತು. ಮುಂದೆ ದಾರಿಗಳು ಬೇರೆಯಾದವು. ಈ ಬೇರ್ಪಡುವಿಕೆ ಸ್ಪಷ್ಟವಾಗಿ ಕಾಣುವುದು 1930ರ ದಶಕದಲ್ಲಿ, ಮಾವೋ ದುನ್‌ನ ಎರಡು ಕೃತಿಗಳಲ್ಲಿ.

3

ಮಾವೋ ದುನ್ (1896–1981) ಹುಟ್ಟಿದ್ದು ರೇಷ್ಮೆಗೆ ಹೆಸರಾದ ಜೆಜಿಯಾಂಗ್ ಪ್ರಾಂತ್ಯದಲ್ಲಿ. 1932ರಲ್ಲಿ ಪ್ರಕಟವಾದ ಅವನ ‘ವಸಂತದ ರೇಷ್ಮೆಹುಳುಗಳು’ ಎಂಬ ನೀಳ್ಗತೆ ಆ ಸೀಮೆಯ ಒಂದು ರೈತ ಕುಟುಂಬದ ಒಂದು ಬೆಳೆಯ ಕಥೆ. ಮನೆಯ ಹಿರಿಯ ತೊಂಗ್‌ಬಾವೊ ಹಳೆಯ ಕಟ್ಟುಪಾಡುಗಳ ಮನುಷ್ಯ. ವಿದೇಶೀಯವಾದ ಎಲ್ಲದರ ಮೇಲೂ ಅವನಿಗೆ ಸಿಟ್ಟು. ಹುಳು ಮೇಯಿಸುವ ದಿನಗಳಲ್ಲಿ ಮನೆಯವರೆಲ್ಲ ನಿದ್ದೆಗೆಡುತ್ತಾರೆ, ಶಕುನ ನೋಡುತ್ತಾರೆ, ದುರದೃಷ್ಟದವಳೆಂದು ಊರು ದೂರವಿಟ್ಟ ಹೆಣ್ಣಿನ ನೆರಳು ಸೋಕದಂತೆ ಎಚ್ಚರ ವಹಿಸುತ್ತಾರೆ. ಸೊಪ್ಪು ಸಾಲದಾದಾಗ ಮತ್ತೆ ಸಾಲ ಮಾಡುತ್ತಾರೆ. ಬೆಳೆ ಅಪೂರ್ವವಾಗಿ ಗೆಲ್ಲುತ್ತದೆ. ಆದರೆ ನೂಲು ತೆಗೆಯುವ ಕಾರ್ಖಾನೆಗಳು ಆ ವರ್ಷ ಬಾಗಿಲು ತೆರೆಯುವುದಿಲ್ಲ. ಗೂಡನ್ನು ದೋಣಿಯಲ್ಲಿ ದೂರದ ಊರಿಗೆ ಕೊಂಡೊಯ್ದು ಸಿಕ್ಕಿದ ಬೆಲೆಗೆ ಮಾರಿ ಬಂದಾಗ ಉಳಿಯುವುದು ಹಿಂದಿಗಿಂತ ದೊಡ್ಡದಾದ ಸಾಲ ಮಾತ್ರ. ಬೆಳೆ ಸೋತಿದ್ದರೆ ದೈವವನ್ನು ದೂರಬಹುದಿತ್ತು; ಗೆದ್ದ ಬೆಳೆಯೇ ಮನೆಯನ್ನು ಮುಳುಗಿಸಿದಾಗ ದೂರುವುದು ಯಾರನ್ನು ಎಂಬ ಪ್ರಶ್ನೆಗೆ ತೊಂಗ್‌ಬಾವೊನ ಲೋಕದೃಷ್ಟಿಯಲ್ಲಿ ಉತ್ತರವಿಲ್ಲ.

ಈ ಉತ್ತರದ ಇನ್ನೊಂದು ತುದಿ 1933ರ ‘ಮಧ್ಯರಾತ್ರಿ’ ಕಾದಂಬರಿಯಲ್ಲಿದೆ. ಅದರ ನಾಯಕ ವೂ ಸುನ್‌ಫು ಶಾಂಘೈ ನಗರದ ರೇಷ್ಮೆ ಕಾರ್ಖಾನೆಯ ಮಾಲೀಕ. ಜಪಾನೀ ರೇಷ್ಮೆಯ ಪೈಪೋಟಿ, ಸಾಲಪತ್ರಗಳ ಸಟ್ಟಾ ವ್ಯಾಪಾರ, ವಿದೇಶೀ ಬಂಡವಾಳದ ಬೆಂಬಲವುಳ್ಳ ಪ್ರತಿಸ್ಪರ್ಧಿ ಇವರ ನಡುವೆ ಸಿಲುಕಿದ ಅವನು ಕೂಲಿ ಕಡಿತ ಮಾಡುತ್ತಾನೆ. ಹೆಣ್ಣಾಳುಗಳು ಮುಷ್ಕರ ಹೂಡುತ್ತಾರೆ. ಕೊನೆಗೆ ಅವನೂ ದಿವಾಳಿಯಾಗುತ್ತಾನೆ. ತೊಂಗ್‌ಬಾವೊನನ್ನು ಮುಳುಗಿಸಿದವನೂ ಮುಳುಗುವವನೇ ಎಂಬುದು ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ತಿಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ‘ಮಧ್ಯರಾತ್ರಿ’ಯು ಹಳ್ಳಿ ಮತ್ತು ನಗರಗಳೆರಡನ್ನೂ ಒಳಗೊಳ್ಳಬೇಕೆಂಬುದು ಲೇಖಕನ ಮೂಲ ಯೋಜನೆಯಾಗಿತ್ತು. ಕಾದಂಬರಿಯಲ್ಲಿ ಗ್ರಾಮಾಂತರಕ್ಕೆ ದಕ್ಕಿದ್ದು ನಾಲ್ಕನೆಯ ಅಧ್ಯಾಯ ಮಾತ್ರ. ಉಳಿದದ್ದು ಸಣ್ಣಕಥೆಗಳಾಗಿ ಬೇರೆಯಾಯಿತು. ಅಂದರೆ ಇಡೀ ಸಂಬಂಧವನ್ನು ಒಂದೇ ಕೃತಿಯಲ್ಲಿ ಹಿಡಿಯುವುದು ಆ ಲೇಖಕನಿಗೂ ಸುಲಭವಾಗಲಿಲ್ಲ. ಹಿಡಿಯಬೇಕೆಂಬ ಮಹತ್ವಾಕಾಂಕ್ಷೆ ಇತ್ತು ಎಂಬುದೇ ಮುಖ್ಯ.

4

ಈ ಕಥೆ ಕೋಲಾರ ಸೀಮೆಗೆ ಹೊರಗಿನದಲ್ಲ. ಮೈಸೂರು ಸಂಸ್ಥಾನದಲ್ಲಿ ರೇಷ್ಮೆ ವ್ಯವಸಾಯವು ಟಿಪ್ಪು ಸುಲ್ತಾನನ ಕಾಲದಲ್ಲಿ ಬೇರೂರಿತು. ‘ವಸಂತದ ರೇಷ್ಮೆಹುಳುಗಳು’ ಪ್ರಕಟವಾದ ಹೊತ್ತಿಗೇ ಅಗ್ಗದ ಜಪಾನೀ ಮತ್ತು ಚೀನೀ ರೇಷ್ಮೆಯ ಆಮದಿನಿಂದ ಮೈಸೂರಿನ ಬೆಳೆಗಾರರೂ ನೂಲು ತೆಗೆಯುವವರೂ ತತ್ತರಿಸಿದ್ದರು. ಭಾರತದ ಸುಂಕ ಮಂಡಳಿಯ ವಿಚಾರಣೆ ನಡೆದು 1934ರಲ್ಲಿ ಈ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆಯಿತು. ಜೆಜಿಯಾಂಗ್‌ನ ತೊಂಗ್‌ಬಾವೊ ಮತ್ತು ಮೈಸೂರು ಸೀಮೆಯ ರೈತ ಪರಸ್ಪರ ಹೆಸರು ಕೇಳದಿದ್ದರೂ ಒಂದೇ ಮಾರುಕಟ್ಟೆಯ ಎರಡು ತುದಿಗಳಲ್ಲಿ ನಿಂತಿದ್ದರು.

ಏಳು ದಶಕಗಳ ನಂತರ ಅದೇ ನಾಟಕ ಮರಳಿತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವು, 1991ರಿಂದ ಜಪಾನಿನ ತಾಂತ್ರಿಕ ಸಹಕಾರ ಇವುಗಳಿಂದ ಕರ್ನಾಟಕದ ರೇಷ್ಮೆ ಕೃಷಿ ವಿಸ್ತರಿಸಿತು. ದ್ವಿತಳಿ ಹುಳುಗಳು ಹಳ್ಳಿಗೆ ಬಂದವು. ವಿದೇಶೀ ಮೊಟ್ಟೆಯನ್ನು ತರಬೇಕೇ ಬೇಡವೇ ಎಂದು ತೊಂಗ್‌ಬಾವೊನ ಮನೆಯಲ್ಲಿ ನಡೆಯುವ ಜಗಳವನ್ನು ಓದುವವರಿಗೆ ಈ ಸ್ಥಿತ್ಯಂತರ ನೆನಪಾಗದೆ ಇರದು. ಆಮದು ಸಡಿಲವಾದಂತೆ ಚೀನಾದ ಕಚ್ಚಾ ರೇಷ್ಮೆ ಭಾರತದ ಮಗ್ಗಗಳಿಗೆ ಹರಿಯಿತು. 2011–12ರ ಕೇಂದ್ರ ಮುಂಗಡ ಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಲಾಯಿತು. ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಲಾಯಿತು. ಚಾಕಿಯಿಂದ ಹಿಡಿದು ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ 25–28 ದಿನ ಹಗಲಿರುಳೆನ್ನದೆ ದುಡಿಯುವ ಮನೆಯೊಂದರ ಭವಿಷ್ಯವು ದೆಹಲಿಯಲ್ಲಿ ಮಂಡನೆಯಾದ ಒಂದು ಕಾಗದದ ಒಂದು ಸಾಲಿನಿಂದ ಬದಲಾಯಿತು. 1932ರಲ್ಲಿ ಪೆಟ್ಟು ತಿಂದ ಚೀನೀ ರೇಷ್ಮೆ ಈಗ ಪೆಟ್ಟು ಕೊಡುವ ಸ್ಥಾನದಲ್ಲಿತ್ತು ಎಂಬುದಷ್ಟೇ ವ್ಯತ್ಯಾಸ.

ರೇಷ್ಮೆ ಒಂದೇ ಅಲ್ಲ. ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. ಅಲ್ಲಿ ದುಡಿದವರಲ್ಲಿ ಬಹುಪಾಲು ತಮಿಳು ದಲಿತರು. 1902ರಲ್ಲಿ ಗಣಿಗೆ ವಿದ್ಯುತ್ ಬಂದದ್ದು ಕಾವೇರಿಯ ಶಿವನಸಮುದ್ರದಿಂದ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ನದಿಯ ಆಸರೆಯಿಲ್ಲದೆ ಕೆರೆಗಳನ್ನೇ ನೆಚ್ಚಿದ್ದ ನಾಡಿನಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿದವು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಅದೇ ಕೆರೆಗಳಿಗೆ ಹರಿಯತೊಡಗಿತು. ಹೀಗೆ ಕೋಲಾರದ ಹಳ್ಳಿಯನ್ನು ಆ ಹಳ್ಳಿಯ ಗಡಿಯೊಳಗೇ ನಿಂತು ಅರ್ಥಮಾಡಿಕೊಳ್ಳಲು ಬಾರದು. ಅದರ ಬೆಲೆ, ನೀರು, ಕೂಲಿ ಎಲ್ಲವೂ ಬೇರೆಲ್ಲೋ ತೀರ್ಮಾನವಾಗುತ್ತ ಬಂದಿವೆ.

5

ಇಂಥ ಸಮಾಜವನ್ನು ಕನ್ನಡ ಕಾದಂಬರಿ ಹೇಗೆ ಎದುರಿಸಿದೆ? ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆಯುವಾಗ ಮಲೆನಾಡು ಮತ್ತು ಕರಾವಳಿ ಪಡೆದ ಸ್ಥಾನ ಪೂರ್ವದ ಬಯಲುಸೀಮೆಗೆ ದೊರೆತಿಲ್ಲ. ಇದಕ್ಕೆ ಆ ಸೀಮೆಯಲ್ಲಿ ಲೇಖಕರಿರಲಿಲ್ಲ ಎಂಬುದು ಕಾರಣವಲ್ಲ. ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಹಳ್ಳಿಗಳನ್ನು ಹತ್ತಿರದಿಂದ ಕಂಡಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕಾದಂಬರಿ ಬರೆಯಲು ಕುಳಿತಾಗ ಹೋದದ್ದು ಬಿದನೂರಿಗೆ ಮತ್ತು ಕೊಡಗಿಗೆ. ‘ಚೆನ್ನಬಸವನಾಯಕ’ ಮತ್ತು 1956ರ ‘ಚಿಕವೀರ ರಾಜೇಂದ್ರ’ ಎರಡೂ ಪತನಗೊಂಡ ಅರಸುಮನೆತನಗಳ ಕಥನಗಳು. ಅವರು ಬಲ್ಲ ಹಳ್ಳಿಯ ಬದುಕು ಸಣ್ಣಕಥೆಗಳಲ್ಲಿ ಬಂದಿತು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ಬಾಲ್ಯದ ಊರು ‘ಜ್ಞಾಪಕ ಚಿತ್ರಶಾಲೆ’ಯ ವ್ಯಕ್ತಿಚಿತ್ರಗಳಲ್ಲಿ ಬಂದಿತು. ಕಥೆ ಮತ್ತು ನೆನಪು ವ್ಯಕ್ತಿಯನ್ನು ಕಾಣುತ್ತವೆ. ವ್ಯಕ್ತಿಗಳ ನಡುವೆ ಕಾಣದಂತೆ ಹರಿಯುವ ಸಾಲ, ಬೆಲೆ, ಕೂಲಿಗಳ ಜಾಲವನ್ನು ತೋರಿಸಲು ಅವುಗಳಲ್ಲಿ ಅವಕಾಶ ಕಡಿಮೆ.

ಹಾಗೆಂದು ಕನ್ನಡ ಕಾದಂಬರಿಗೆ ಈ ಶಕ್ತಿಯೇ ಇಲ್ಲವೆನ್ನಲಾಗದು. ‘ಮಧ್ಯರಾತ್ರಿ’ ಪ್ರಕಟವಾದ 1933ರಲ್ಲೇ ಬಂದ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಗುಡಿಸಲನ್ನು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಕಟ್ಟಿಹಾಕುವುದು ಒಂದು ಚಿಕ್ಕ ಸಾಲ. ಮಕ್ಕಳು ಆ ಸಾಲ ತೀರಿಸಲು ಘಟ್ಟ ಹತ್ತುತ್ತಾರೆ. ಊರಿನ ಜಾತಿ ಕಟ್ಟಳೆ ಮತ್ತು ತೋಟದ ಬಂಡವಾಳ ಎರಡೂ ಒಂದೇ ಮನೆಯನ್ನು ಎರಡು ಕಡೆಯಿಂದ ಹಿಂಡುತ್ತವೆ. ಕನ್ನಡ ವಿಮರ್ಶೆಯು ಇಲ್ಲಿ ಅಸ್ಪೃಶ್ಯತೆಯನ್ನು ಓದಿದಷ್ಟು ಗಮನವಿಟ್ಟು ಆ ಸಾಲವನ್ನು ಓದಿಲ್ಲ. 1955ರ ನಿರಂಜನರ ‘ಚಿರಸ್ಮರಣೆ’ ಕಾಸರಗೋಡು ಭಾಗದ ಕಯ್ಯೂರಿನ ರೈತ ಹೋರಾಟವನ್ನು, 1943ರಲ್ಲಿ ಗಲ್ಲಿಗೇರಿದ ನಾಲ್ವರನ್ನು ಕುರಿತದ್ದು. ಮಲಯಾಳ ಮಾತನಾಡುವ ಹಳ್ಳಿಯ ಕಥೆ ಕನ್ನಡ ಕಾದಂಬರಿಯಾಗಿ, ಮತ್ತೆ ಮಲಯಾಳಕ್ಕೆ ಅನುವಾದಗೊಂಡು ಅಲ್ಲಿನ ನೆನಪಿನ ಭಾಗವಾಯಿತು. ಗಡಿಸೀಮೆಯ ಬಹುಭಾಷಿಕ ಸಮಾಜವೂ ಕನ್ನಡ ಕಾದಂಬರಿಯ ವಸ್ತುವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೋಲಾರ ಸೀಮೆಯಲ್ಲಿ ಭಾಷೆಯ ತೊಡಕು ನಿಜವಾದುದೇ. ಗೂಡು ಬೆಳೆಯುವ ಮನೆಯಲ್ಲಿ ತೆಲುಗು ಬೆರೆತ ಕನ್ನಡ, ಶಿಡ್ಲಘಟ್ಟದಂಥ ಕಡೆ ನೂಲು ಬಿಚ್ಚುವವರಲ್ಲಿ ದಖನಿ ಉರ್ದು, ಗಣಿಯ ಕಾಲೊನಿಗಳಲ್ಲಿ ತಮಿಳು. ಈ ವ್ಯವಹಾರವನ್ನು ಶಿಷ್ಟ ಕನ್ನಡದ ಏಕರೂಪದ ನಿರೂಪಣೆಯಲ್ಲಿ ಹೇಳಹೊರಟರೆ ಅದು ಸುಳ್ಳಾಗುತ್ತದೆ. ಆದರೆ 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಪ್ರಾದೇಶಿಕ ನುಡಿಯ ಮೇಲೆಯೇ ಇಡೀ ಕಥನವನ್ನು ನಿಲ್ಲಿಸಿ ತೋರಿಸಿದ ಮೇಲೆ ಈ ತೊಡಕನ್ನು ನೆಪವಾಗಿ ಮುಂದೊಡ್ಡುವಂತಿಲ್ಲ.

ಈ ಸೀಮೆಯ ಸೃಜನಶೀಲತೆ ಬತ್ತಿದೆಯೆಂದೂ ಹೇಳುವಂತಿಲ್ಲ. ಅದು ಬೇರೆ ಹಾದಿಗಳಲ್ಲಿ ಹರಿದಿದೆ. ದಲಿತ ಚಳವಳಿಯ ಹಾಡುಗಳು, ಕೋಟಿಗಾನಹಳ್ಳಿ ರಾಮಯ್ಯನವರ ನಾಟಕಗಳು, ತೇರಹಳ್ಳಿ ಬೆಟ್ಟದ ‘ಆದಿಮ’, ಕೆ.ವೈ. ನಾರಾಯಣಸ್ವಾಮಿಯವರ ರಂಗಕೃತಿಗಳು ಇದಕ್ಕೆ ಸಾಕ್ಷಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು 2010ರಲ್ಲಿ ಸಿ. ಬಸವಲಿಂಗಯ್ಯನವರು ಇಡೀ ರಾತ್ರಿಯ ಪ್ರಯೋಗವಾಗಿ ರಂಗಕ್ಕೆ ತಂದಾಗ ಅದರ ರಂಗರೂಪವನ್ನು ಸಿದ್ಧಪಡಿಸಿದವರು ನಾರಾಯಣಸ್ವಾಮಿಯವರೇ. ಮಲೆನಾಡಿನ ಮಹಾಕಾದಂಬರಿಯನ್ನು ರಂಗಕ್ಕೆ ಅಳವಡಿಸಿದ ಪ್ರತಿಭೆ ಕೋಲಾರ ಸೀಮೆಯದು. ಅಂಥ ವಿಸ್ತಾರದ ಕಾದಂಬರಿಯೊಂದು ಆ ಸೀಮೆಯ ಬದುಕನ್ನು ಕುರಿತು ಕನ್ನಡ ವಿಮರ್ಶೆಯ ಕೇಂದ್ರಕ್ಕೆ ಇನ್ನೂ ಬಂದಿಲ್ಲ. ಹಾಡು ಮತ್ತು ನಾಟಕ ಜನರನ್ನು ಒಟ್ಟುಗೂಡಿಸುತ್ತವೆ, ಅನ್ಯಾಯವನ್ನು ಎದುರಿಗೆ ನಿಲ್ಲಿಸುತ್ತವೆ. ಎದುರಿಗೆ ಬಂದು ನಿಲ್ಲದ ಅನ್ಯಾಯವನ್ನು, ಅಂದರೆ ಸುಂಕದ ಶೇಕಡಾವಾರನ್ನು, ಬಡ್ಡಿಯನ್ನು, ಪಾತಾಳಕ್ಕಿಳಿದ ನೀರನ್ನು, ಕಾಲದ ವಿಸ್ತಾರದಲ್ಲಿ ಬಿಡಿಸಿ ತೋರಿಸುವುದಕ್ಕೆ ಕಾದಂಬರಿಯ ತಾಳ್ಮೆಯೇ ಬೇಕು. ಆ ತೆರವನ್ನು ತುಂಬಿದ್ದು ಸಿನಿಮಾ. 2018 ಮತ್ತು 2022ರ ‘ಕೆ.ಜಿ.ಎಫ್’ ಚಿತ್ರಗಳ ಮೂಲಕ ದೇಶಕ್ಕೆ ಪರಿಚಯವಾದ ಕೋಲಾರವು ಒಬ್ಬ ಅತಿಮಾನುಷ ವೀರನ ಕೋಲಾರ.

6

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಸಾಹಿತ್ಯದ ಮೇಲೆ ಇಂಥ ಸಾಮಾಜಿಕ ಹೊರೆಯನ್ನು ಹೊರಿಸಿದರೆ ಅದು ಘೋಷಣೆಯಾಗುವುದಿಲ್ಲವೇ? ಚೀನೀ ಕಾದಂಬರಿಯ ಮುಂದಿನ ಚರಿತ್ರೆ ಈ ಆತಂಕವನ್ನು ಸಮರ್ಥಿಸುತ್ತದೆ. 1942ರಲ್ಲಿ ಯೆನಾನ್‌ನ ಭಾಷಣಗಳಲ್ಲಿ ಮಾವೋ ತ್ಸೆ ತುಂಗ್ ಸಾಹಿತ್ಯವು ರಾಜಕಾರಣಕ್ಕೆ ಅಧೀನವಾಗಿರಬೇಕೆಂದು ವಿಧಿಸಿದ. ಭೂಸುಧಾರಣೆಯನ್ನು ಕುರಿತ ಕಾದಂಬರಿಗೆ ಸ್ಟಾಲಿನ್ ಪ್ರಶಸ್ತಿ ಪಡೆದ ಡಿಂಗ್ ಲಿಂಗ್ ಎಂಬ ಲೇಖಕಿಯೇ 1957ರಲ್ಲಿ ಬಲಪಂಥೀಯಳೆಂದು ಖಂಡನೆಗೆ ಒಳಗಾಗಿ ದೂರದ ಈಶಾನ್ಯಕ್ಕೆ ಕಳುಹಿಸಲ್ಪಟ್ಟಳು. ಲಾವೊ ಷ 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹಿಂಸೆಗೆ ಬಲಿಯಾದ. 1949ರಿಂದ 1965ರವರೆಗೆ ಸಂಸ್ಕೃತಿ ಸಚಿವನಾಗಿದ್ದ ಮಾವೋ ದುನ್‌ನಿಂದ ‘ಮಧ್ಯರಾತ್ರಿ’ಯ ಮಟ್ಟದ ಇನ್ನೊಂದು ಕಾದಂಬರಿ ಬರಲಿಲ್ಲ. ಸಮಾಜದ ಸತ್ಯ ಏನೆಂಬುದನ್ನು ಪ್ರಭುತ್ವವೇ ಮೊದಲು ನಿರ್ಧರಿಸಿಬಿಟ್ಟ ಮೇಲೆ ಕಾದಂಬರಿಗೆ ಶೋಧಿಸಲು ಏನೂ ಉಳಿಯುವುದಿಲ್ಲ.

ಆದರೆ ಈ ಚರಿತ್ರೆಯಿಂದ ಕಲಿಯಬೇಕಾದ ಪಾಠವು ಕಾದಂಬರಿಯನ್ನು ಸಮಾಜದಿಂದ ಬಿಡಿಸುವುದಲ್ಲ. ಯು ಹುವಾ 1995ರಲ್ಲಿ ಪ್ರಕಟಿಸಿದ ‘ರಕ್ತ ಮಾರುವವನ ವೃತ್ತಾಂತ’ ಇದಕ್ಕೆ ನಿದರ್ಶನ. ಅದರ ನಾಯಕ ಷು ಸಾನ್‌ಗುವಾನ್ ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಸಾಗಿಸುವ ಆಳು. ಮದುವೆಗೆ, ಕ್ಷಾಮಕ್ಕೆ, ಮಗನ ಕಾಯಿಲೆಗೆ ಹಣ ಹೊಂದಿಸಲು ಅವನು ಮತ್ತೆ ಮತ್ತೆ ತನ್ನ ರಕ್ತವನ್ನು ಮಾರುತ್ತಾನೆ. ಕಾದಂಬರಿಯಲ್ಲಿ ಭಾಷಣವಿಲ್ಲ, ಸಿದ್ಧಾಂತದ ಮಾತಿಲ್ಲ, ನಗು ಧಾರಾಳವಾಗಿದೆ. ಆದರೂ ಹಲವು ದಶಕಗಳ ಚೀನಾದ ಸಾರ್ವಜನಿಕ ಚರಿತ್ರೆಯು ಒಂದು ಸಂಸಾರದ ಊಟದ ತಟ್ಟೆಯನ್ನು ಹೇಗೆ ಮುಟ್ಟಿತೆಂಬುದು ಅಲ್ಲಿ ತಾನಾಗಿ ತಿಳಿಯುತ್ತದೆ. ಮಾವೋ ದುನ್ ಮೇಲಿನಿಂದ ಕಂಡ ಸಂಬಂಧವನ್ನು ಯು ಹುವಾ ಕೆಳಗಿನಿಂದ ಕಂಡ. ಎರಡೂ ದಾರಿಗಳು ಕನ್ನಡಕ್ಕೆ ತೆರೆದಿವೆ.

7

ಕಾದಂಬರಿಯನ್ನು ವಿಶ್ವವಿದ್ಯಾಲಯದ ವಿಭಾಗಗಳು ಬರೆಯಿಸಲಾರವು; ಬರೆಯಿಸಲೂ ಬಾರದು. ಅವು ಮಾಡಬಹುದಾದುದು ಓದಿನ ಕ್ರಮವನ್ನು ಬದಲಿಸುವ ಕೆಲಸ. ಕಾದಂಬರಿಯೊಂದರಲ್ಲಿ ಯಾವ ಯಾವ ಆಚರಣೆಗಳು ಬಂದಿವೆ ಎಂದು ಕೇಳುವ ಬದಲು, ಅಲ್ಲಿ ಹಣ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಯಾರ ದುಡಿಮೆಯ ಬೆಲೆಯನ್ನು ಯಾರು ಕಟ್ಟುತ್ತಾರೆ, ಪಾತ್ರಗಳಿಗೆ ಕಾಣದ ಯಾವ ಸಂಗತಿಯು ಓದುಗನಿಗೆ ಕಾಣುತ್ತದೆ ಎಂದು ಕೇಳಬೇಕು. ಈ ಪ್ರಶ್ನೆಗಳಿಂದ ‘ಚೋಮನ ದುಡಿ’ಯನ್ನು, ‘ಮಲೆಗಳಲ್ಲಿ ಮದುಮಗಳು’ವನ್ನು ಮರಳಿ ಓದಿದರೆ ಈವರೆಗೆ ಹಿನ್ನೆಲೆಯೆಂದು ಬದಿಗಿಟ್ಟದ್ದು ಮುನ್ನೆಲೆಗೆ ಬರುತ್ತದೆ.

ಎರಡನೆಯದಾಗಿ, ತೌಲನಿಕ ಅಧ್ಯಯನವೆಂದರೆ ಇಂಗ್ಲಿಷ್ ಮತ್ತು ಯೂರೋಪಿನ ಕೃತಿಗಳೊಂದಿಗಿನ ಹೋಲಿಕೆ ಎಂಬ ರೂಢಿ ಸಡಿಲಗೊಳ್ಳಬೇಕು. ಚೀನೀ ಸಾಹಿತ್ಯ ಕನ್ನಡ ಓದುಗರಿಗೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ದೊರೆತಿದೆ. ಒಂದೇ ಬೆಳೆಯನ್ನು ಬೆಳೆದ, ಒಂದೇ ಮಾರುಕಟ್ಟೆಯಲ್ಲಿ ನಲುಗಿದ ಎರಡು ಕೃಷಿಕ ಸಮಾಜಗಳ ಕಥನಗಳು ಲಂಡನ್ನಿನ ದಾರಿಯಾಗಿಯೇ ಭೇಟಿಯಾಗಬೇಕಾದ ಅನಿವಾರ್ಯತೆ ಇಲ್ಲ. ಮೂರನೆಯದಾಗಿ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬೆಳೆಗಾರರು, ನೂಲು ಬಿಚ್ಚುವವರು, ಗಣಿಯಿಂದ ಹೊರಬಿದ್ದ ಕುಟುಂಬಗಳು ಇವರ ನೆನಪುಗಳನ್ನು ಅವರವರ ನುಡಿಯಲ್ಲೇ ದಾಖಲಿಸುವ ಕ್ಷೇತ್ರಕಾರ್ಯ ಜರೂರಾಗಿ ನಡೆಯಬೇಕು. ಜಾನಪದ ಸಂಗ್ರಹಕ್ಕೆ ಕನ್ನಡ ವಿಭಾಗಗಳು ತೋರಿದ ಶ್ರದ್ಧೆಯನ್ನು ದುಡಿಮೆಯ ನೆನಪುಗಳಿಗೂ ತೋರಿಸಿದರೆ ಮುಂದಿನ ಕಾದಂಬರಿಕಾರನಿಗೆ ನೆಲ ಹದವಾಗುತ್ತದೆ.

ಹಿಪ್ಪುನೇರಳೆ ತೋಟಗಳು ಟೊಮೆಟೊ ಹೊಲಗಳಾಗುತ್ತಿರುವ, ಹೊಲಗಳು ಕೈಗಾರಿಕಾ ಪ್ರದೇಶಗಳಾಗುತ್ತಿರುವ ಸೀಮೆಯಲ್ಲಿ ಈ ಕೆಲಸಕ್ಕೆ ಸಮಯ ಹೆಚ್ಚಿಲ್ಲ. 1934ರ ಸುಂಕದ ಕಾಲವನ್ನು ಕಂಡ ತಲೆಮಾರು ಈಗಾಗಲೇ ಇಲ್ಲವಾಗಿದೆ. 2011ರ ಹರಾಜಿನಲ್ಲಿ ಗೂಡು ಸುರಿದು ನಿಂತವರು ಇನ್ನೂ ಇದ್ದಾರೆ.